ತಬ್ಬಲಿಗಳ ಮನೆಬಾಗಿಲಿಗೆ ನೆರೆಮನೆಯವರು

ಜಿಂಬಾಬ್ವೆಯ ಕಾಫಿ ಸೀಮೆಯಲ್ಲಿ ಚರ್ಚಿನ ಹೆಣ್ಣುಮಕ್ಕಳು ಮಾಡಿದ ಕೆಲಸ

ಸದಸ್ಯ ಬಾಂಧವರು ಈ ಪತ್ರಿಕೆಯನ್ನು ಕೈಗೆತ್ತಿಕೊಂಡಾಗ ಮೊದಲು ನೋಡುವುದು ಕಾಫಿಯ ಧಾರಣೆ, ಅಡಿಕೆಯ ಪೇಟೆ, ಗೊಬ್ಬರದ ಸರಬರಾಜು ಮುಂತಾದ ವಿಷಯಗಳನ್ನೇ. ಅದು ಸಹಜ. ಆದರೆ ಸಹಕಾರ ಎಂಬುದು ಬರೀ ಮೂಟೆ ತೂಗುವ ವ್ಯವಹಾರವಲ್ಲ. ಬಡವರಾದ ಹತ್ತು ಜನ ಸೇರಿ, ಒಬ್ಬರಿಂದಾಗದ ಕೆಲಸವನ್ನು ಮಾಡಿ ಮುಗಿಸುವ ಬಗೆ ಅದು. ಹೀಗೆ ಮಾಡಿ ಮುಗಿಸಿದ ಒಂದು ಕೆಲಸದ ವಿಚಾರವನ್ನು ಈ ಸಂಚಿಕೆಯಲ್ಲಿ ಹೇಳಬಯಸುತ್ತೇವೆ. ಅದು ನಡೆದದ್ದು ದೂರದ ಆಫ್ರಿಕಾದಲ್ಲಿ. ಆದರೂ ಅದು ಕಾಫಿ ಬೆಳೆಯುವ ಬೆಟ್ಟಸೀಮೆ. ಅಲ್ಲಿಯವರೂ ನಮ್ಮಂತೆ ಮಳೆಯನ್ನೂ ಧಾರಣೆಯನ್ನೂ ನಂಬಿ ಬದುಕುವ ಸಣ್ಣ ಹಿಡುವಳಿದಾರರು ಮತ್ತು ತೋಟದ ಆಳುಗಳು. ತಂದೆತಾಯಿ ಸತ್ತ ಮಕ್ಕಳು ಊರೂರಿನಲ್ಲಿ ನೂರಾರು ಸಂಖ್ಯೆಯಲ್ಲಿ ಉಳಿದಾಗ ಏನು ಮಾಡಬೇಕು ಎಂಬ ಪ್ರಶ್ನೆ ಅವರ ಮುಂದೆ ಬಂತು. ಅವರು ಕೊಟ್ಟ ಉತ್ತರದಲ್ಲಿ ನಾವು ಕಲಿಯಬೇಕಾದದ್ದು ಇದೆ.

ಬೆಟ್ಟದ ಸೀಮೆ, ಹೆದ್ದಾರಿಯ ಸೀಮೆ

ಜಿಂಬಾಬ್ವೆ ದೇಶದ ಪೂರ್ವಕ್ಕೆ, ಮೊಜಾಂಬಿಕ್ ಗಡಿಗೆ ಹೊಂದಿಕೊಂಡು, ಉತ್ತರದಿಂದ ದಕ್ಷಿಣಕ್ಕೆ ಒಂದು ಬೆಟ್ಟಸಾಲು ಹಬ್ಬಿದೆ. ನ್ಯಾಂಗಾ, ವುಂಬಾ, ಚಿಮಾನಿಮಾನಿ ಎಂಬ ಬೆಟ್ಟಗಳು, ಹೊಂಡೆ, ರುಸಿಟು ಎಂಬ ಕಣಿವೆಗಳು, ತೆಂಕಣ ತುದಿಗೆ ಚಿಪಿಂಗೆ. ಇಷ್ಟೂ ಸೇರಿದ್ದು ಮನಿಕಾಲ್ಯಾಂಡ್ ಪ್ರಾಂತ. ಮುಖ್ಯ ಪಟ್ಟಣ ಮುತಾರೆ. ಆ ದೇಶದಲ್ಲಿ ಕಾಫಿ ಬೆಳೆಯುವುದು ಬಹುಪಾಲು ಈ ಸೀಮೆಯಲ್ಲೇ, ಬೆಳೆ ಅರಾಬಿಕಾ. ಪಕ್ಕದಲ್ಲೇ ಟೀ ತೋಟಗಳು. ದೊಡ್ಡ ಎಸ್ಟೇಟುಗಳ ಜೊತೆಗೆ ಹೊಂಡೆ, ರುಸಿಟು ಕಣಿವೆಗಳಲ್ಲಿ ಸಣ್ಣ ಬೆಳೆಗಾರರೂ ಕಾಫಿ ಹಾಕಿದ್ದರು. ಬೆಟ್ಟದಿಂದ ಪಶ್ಚಿಮಕ್ಕೆ ಇಳಿದರೆ ಮಳೆ ಕಡಿಮೆ, ನೆಲ ಬಡವು. ಅಲ್ಲಿ ಮುಸುಕಿನ ಜೋಳ, ನೆಲಗಡಲೆ. ಒಂದು ಜೊತೆ ಎತ್ತು ಇದ್ದವನೇ ಅನುಕೂಲಸ್ಥ.

ಮೊಜಾಂಬಿಕ್‌ನ ಬೈರಾ ಬಂದರಿಗೆ ಹೋಗುವ ಹೆದ್ದಾರಿ ಮುತಾರೆಯ ಮೇಲೆಯೇ ಹಾಯುತ್ತದೆ. ಲಾರಿಗಳು, ಚಾಲಕರು, ಗಡಿಯಲ್ಲಿ ಕಾಯುವ ಜನ. ಇನ್ನೊಂದು ಕಡೆ, ಹಳ್ಳಿಯ ಗಂಡಸರು ದುಡಿಮೆಗೆಂದು ಗಣಿಗೂ ನಗರಕ್ಕೂ ಹೋಗಿ ತಿಂಗಳುಗಟ್ಟಲೆ ಅಲ್ಲೇ ಉಳಿಯುವುದು ಹಳೆಯ ರೂಢಿ. ಹೆಂಡತಿ ಊರಲ್ಲಿ ಹೊಲ ನೋಡಿಕೊಳ್ಳುವಳು. ಇಂಥ ಓಡಾಟದ ಸೀಮೆಗೆ ಏಡ್ಸ್ ಕಾಯಿಲೆ ಬಂದಾಗ ಅದು ಬೇಗ ಹರಡಿದ್ದರಲ್ಲಿ ಆಶ್ಚರ್ಯವಿಲ್ಲ. ಜಿಂಬಾಬ್ವೆಯಲ್ಲಿ ಮೊದಲ ರೋಗಿಯ ವರದಿಯಾದದ್ದು 1985ರಲ್ಲಿ. 1990ರ ದಶಕದ ಕೊನೆಗೆ ವಯಸ್ಕರಲ್ಲಿ ನಾಲ್ವರಿಗೆ ಒಬ್ಬರಂತೆ ಸೋಂಕು ತಗುಲಿತ್ತು. ಆಗ ಬಡವರ ಕೈಗೆ ಸಿಗುವ ಔಷಧವೇ ಇರಲಿಲ್ಲ. ಮೊದಲು ತಂದೆ, ವರ್ಷ ಎರಡು ವರ್ಷದಲ್ಲಿ ತಾಯಿ. ಉಳಿದದ್ದು ಮಕ್ಕಳು ಮತ್ತು ಅಜ್ಜಿ.

ದೊಡ್ಡಪ್ಪ ಚಿಕ್ಕಪ್ಪಂದಿರ ನಾಡು

ಈ ಸೀಮೆಯ ಜನ ಶೋನಾ ಭಾಷೆಯವರು. ಅವರ ನಂಟಿನ ಪದಗಳನ್ನು ಕೇಳಿದರೆ ನಮ್ಮವರಿಗೆ ಮನೆಯ ಮಾತು ಕೇಳಿದಂತಾಗುತ್ತದೆ. ತಂದೆಯ ಅಣ್ಣ 'ಬಾಬಾಮುಕುರು', ಎಂದರೆ ದೊಡ್ಡ ಅಪ್ಪ. ತಂದೆಯ ತಮ್ಮ 'ಬಾಬಾಮುನಿನಿ', ಚಿಕ್ಕ ಅಪ್ಪ. ತಾಯಿಯ ಅಕ್ಕ ತಂಗಿಯರೂ ಹಾಗೆಯೇ ದೊಡ್ಡಮ್ಮ, ಚಿಕ್ಕಮ್ಮ. ಪದದಲ್ಲೇ ಹೊಣೆಯೂ ಇದೆ. ಅಪ್ಪ ಸತ್ತರೆ ದೊಡ್ಡಪ್ಪನೋ ಚಿಕ್ಕಪ್ಪನೋ ಅಪ್ಪನಾಗಬೇಕು. ಮಗು ತಬ್ಬಲಿಯಾಗುವ ಮಾತೇ ಇಲ್ಲ. ಹಿಂದೆ ಊರಲ್ಲಿ ಒಂದೋ ಎರಡೋ ಇಂಥ ಮಕ್ಕಳಿದ್ದಾಗ ಈ ಕಟ್ಟಳೆ ನಡೆಯುತ್ತಿತ್ತು. ಆದರೆ ದೊಡ್ಡಪ್ಪನೂ ಚಿಕ್ಕಪ್ಪನೂ ಅದೇ ಕಾಯಿಲೆಯಿಂದ ಸತ್ತರೆ?

ಮುತಾರೆಯಲ್ಲಿ 1987ರಲ್ಲಿ 'ಫ್ಯಾಮಿಲಿ ಏಡ್ಸ್ ಕೇರಿಂಗ್ ಟ್ರಸ್ಟ್' ಎಂಬ ಸಂಸ್ಥೆ ಹುಟ್ಟಿತು. ಅಲ್ಲಿಯ ಮಕ್ಕಳ ವೈದ್ಯರಾದ ಡಾ. ಜೆಫ್ ಫಾಸ್ಟರ್ ಮತ್ತು ಅವರ ಜೊತೆಗಾರರು ಇದನ್ನು ಕ್ರೈಸ್ತ ಸೇವಾ ಸಂಸ್ಥೆಯಾಗಿ ನಡೆಸಿದರು. ಮಾತಾಡುವ ಮೊದಲು ಎಣಿಸಬೇಕು ಎಂಬುದು ಅವರ ಕ್ರಮವಾಗಿತ್ತು. 1992ರಲ್ಲಿ ಮುತಾರೆ ಮತ್ತು ಸುತ್ತಲಿನ 570 ಮನೆಗಳಿಗೆ ಹೋಗಿ ವಿಚಾರಿಸಿದರು. ನೂರಕ್ಕೆ ಹದಿನೆಂಟು ಮನೆಗಳಲ್ಲಿ ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡ ಮಗು ಇತ್ತು. ಹದಿನೈದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು ಹದಿಮೂರು ಮಕ್ಕಳಿಗೆ ಇಬ್ಬರಲ್ಲಿ ಒಬ್ಬರಾದರೂ ಇರಲಿಲ್ಲ. ಅನುಕೂಲಸ್ಥರ ಬಡಾವಣೆಯಲ್ಲಿ ಈ ಪ್ರಮಾಣ ಶೇಕಡ 4ರ ಹತ್ತಿರ. ಪಟ್ಟಣಕ್ಕೆ ಅಂಟಿದ ಬಡ ಹಳ್ಳಿಯಲ್ಲಿ ಶೇಕಡ 17ಕ್ಕೂ ಮೇಲೆ.

ಇದೇ ಎಣಿಕೆಯಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ಬಹುಪಾಲು ಮಕ್ಕಳನ್ನು ನೆಂಟರೇ ಸಾಕುತ್ತಿದ್ದರು, ಕಷ್ಟದಲ್ಲೇ ಆದರೂ ಒಂದು ಮಟ್ಟಿಗೆ ಚೆನ್ನಾಗಿಯೇ ಸಾಕುತ್ತಿದ್ದರು. ಹಿಂದಿನ ಕಟ್ಟಳೆಯಂತೆ ತಂದೆಯ ಕಡೆಯವರೇ ಅಲ್ಲ, ತಾಯಿಯ ಕಡೆಯ ಅಜ್ಜಿ, ದೊಡ್ಡಮ್ಮ, ಚಿಕ್ಕಮ್ಮಂದಿರು ಮುಂದೆ ಬಂದಿದ್ದರು. ಸಾಕುವವರು ಸಾಮಾನ್ಯವಾಗಿ ವಯಸ್ಸಾದವರು, ಓದು ಕಡಿಮೆಯಾದವರು. ಕುಟುಂಬ ಮುರಿದಿರಲಿಲ್ಲ, ಬಾಗಿತ್ತು. ಗೊನೆ ಭಾರಕ್ಕೆ ಬಾಗಿದ ಬಾಳೆಗೆ ಊರೆಗೋಲು ಕೊಡುತ್ತೇವೆಯೇ ಹೊರತು ಗಿಡವನ್ನೇ ಕಿತ್ತು ಬೇರೆಡೆ ನೆಡುವುದಿಲ್ಲ. ಅವರು ಹಿಡಿದ ದಾರಿಯೂ ಇದೇ.

ಆಶ್ರಮ ಕಟ್ಟಲಿಲ್ಲ

ಚರ್ಚುಗಳು ಎಂದೊಡನೆ ಅನಾಥಾಶ್ರಮ ಎಂಬ ಮಾತು ನಮ್ಮ ಮನಸ್ಸಿಗೆ ಬರುತ್ತದೆ. ಹಣ ಕೊಡುವವರಿಗೂ ಅದೇ ಪ್ರಿಯ: ಕಟ್ಟಡ ಕಣ್ಣಿಗೆ ಕಾಣುತ್ತದೆ, ಫಲಕ ಹಾಕಬಹುದು. ಆದರೆ ಒಂದು ಆಶ್ರಮದಲ್ಲಿ ಹಿಡಿಸುವುದು ಐವತ್ತೋ ನೂರೋ ಮಕ್ಕಳು. ಸಾವಿರಾರು ಮಕ್ಕಳಿರುವಾಗ ಉಳಿದವರ ಗತಿ? ಒಂದು ಮಗುವನ್ನು ಆಶ್ರಮದಲ್ಲಿಟ್ಟು ಸಾಕುವ ಖರ್ಚಿನಲ್ಲಿ ಹಲವು ಮಕ್ಕಳನ್ನು ಅವರವರ ಮನೆಯಲ್ಲೇ ನೋಡಿಕೊಳ್ಳಬಹುದು. ಇದಕ್ಕಿಂತ ದೊಡ್ಡ ವಿಚಾರ ಇನ್ನೊಂದಿತ್ತು. ಆಶ್ರಮ ಸೇರಿದ ಮಗುವಿಗೆ ಊಟ, ಬಟ್ಟೆ ಸಿಗುತ್ತದೆ. ಆದರೆ ಅಣ್ಣತಮ್ಮಂದಿರು ಅಗಲುತ್ತಾರೆ, ಊರು ಮರೆಯುತ್ತದೆ, ತಂದೆಯ ಹೊಲದ ಮೇಲಿನ ಹಕ್ಕೂ ಜಾರುತ್ತದೆ. ಹದಿನೆಂಟು ತುಂಬಿ ಹೊರಗೆ ಬಂದಾಗ ಅವನಿಗೆ ಕುಲವೂ ಇಲ್ಲ, ನೆಲವೂ ಇಲ್ಲ. ಬೇಸಾಯಗಾರನ ಮಗುವಿಗೆ ಇದು ಎರಡನೆಯ ಸಾರಿ ತಬ್ಬಲಿಯಾದಂತೆ. ಈ ಮಾತನ್ನು ಜಿಂಬಾಬ್ವೆ ಸರ್ಕಾರವೂ ಒಪ್ಪಿತು. 1999ರ ಅದರ ಅನಾಥ ಮಕ್ಕಳ ಪಾಲನಾ ನೀತಿಯಲ್ಲಿ ಮೊದಲ ಸ್ಥಾನ ಸ್ವಂತ ಕುಟುಂಬಕ್ಕೆ, ನೆಂಟರಿಗೆ, ಊರಿಗೆ. ಆಶ್ರಮ ಕಟ್ಟಕಡೆಯ ದಾರಿ.

ಕೆಲಸ ನಡೆದ ಕ್ರಮ

1993ರಲ್ಲಿ ಟ್ರಸ್ಟ್ ಮುತಾರೆಯ ಸಮೀಪದ ಹಳ್ಳಿಗಾಡಿನಲ್ಲಿ 'ಫೋಕಸ್' ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ಇಂಗ್ಲಿಷಿನ ಆ ಹೆಸರನ್ನು ಬಿಡಿಸಿದರೆ 'ಒತ್ತಡದಲ್ಲಿರುವ ಕುಟುಂಬಗಳು, ತಬ್ಬಲಿಗಳು, ಮಕ್ಕಳು' ಎಂದಾಗುತ್ತದೆ. ಹೆಸರಿನಲ್ಲಿ ಏಡ್ಸ್ ಎಂಬ ಮಾತು ಇಲ್ಲದಿರುವುದನ್ನು ಗಮನಿಸಬೇಕು. ತಂದೆ ಯಾವ ಕಾಯಿಲೆಯಿಂದ ಸತ್ತ ಎಂದು ಕೇಳಿ ಸಹಾಯ ಮಾಡಿದರೆ ಮಗುವಿನ ಹಣೆಗೆ ಕಳಂಕದ ಚೀಟಿ ಅಂಟಿಸಿದಂತೆ. ಆ ಕಾಲದಲ್ಲಿ ಈ ಕಾಯಿಲೆಯನ್ನು ಪಾಪದ ಫಲ ಎಂದು ಕಂಡವರು ಚರ್ಚುಗಳ ಒಳಗೂ ಇದ್ದರು. ಆದ್ದರಿಂದ ಕಾರಣ ಕೇಳದೆ, ಕಷ್ಟ ಮಾತ್ರ ನೋಡುವುದು ಎಂದು ತೀರ್ಮಾನವಾಯಿತು.

ಟ್ರಸ್ಟಿನವರು ನೇರವಾಗಿ ಮನೆಗಳಿಗೆ ನುಗ್ಗಲಿಲ್ಲ. ಮೊದಲು ಊರ ಮುಖಂಡರು, ಪಾದ್ರಿಗಳು, ಶಾಲೆಯ ಮೇಷ್ಟರು ಇವರೊಡನೆ ಮಾತುಕತೆ. ಆಮೇಲೆ ಸ್ಥಳೀಯ ಚರ್ಚುಗಳ ಮೂಲಕ ಸ್ವಯಂಸೇವಕರ ಆಯ್ಕೆ. ಅದೇ ಊರಿನವರೇ ಆಗಬೇಕು, ಜನ ನಂಬುವವರಾಗಬೇಕು, ಈಗಾಗಲೇ ಕಷ್ಟದಲ್ಲಿರುವವರಿಗೆ ಕೈಲಾದ ನೆರವು ಕೊಡುತ್ತಿರುವವರಾದರೆ ಒಳ್ಳೆಯದು. ಹೀಗೆ ಬಂದವರಲ್ಲಿ ಬಹುಮಂದಿ ಹೆಂಗಸರು. ಅನೇಕರು ತಾವೇ ವಿಧವೆಯರು, ತಮ್ಮ ಮನೆಯಲ್ಲೂ ಅಣ್ಣನದೋ ತಂಗಿಯದೋ ಮಕ್ಕಳನ್ನು ಸಾಕುತ್ತಿದ್ದವರು. ಆ ಸೀಮೆಯ ಚರ್ಚುಗಳಲ್ಲಿ ಹೆಣ್ಣುಮಕ್ಕಳ ಕೂಟಗಳಿಗೆ ಹಳೆಯ ಬಲವಿದೆ. ವಾರಕ್ಕೊಮ್ಮೆ ಸೇರುವುದು, ಪ್ರಾರ್ಥನೆ ಮಾಡುವುದು, ರೋಗಿಗಳ ಮನೆಗೆ ಹೋಗುವುದು, ಸತ್ತವರ ಮನೆಗೆ ಅಡಿಗೆ ಮಾಡಿ ಕೊಡುವುದು ಅವರ ರೂಢಿ. ತಬ್ಬಲಿಗಳನ್ನೂ ವಿಧವೆಯರನ್ನೂ ಕಷ್ಟಕಾಲದಲ್ಲಿ ಕಂಡು ವಿಚಾರಿಸುವುದು ಧರ್ಮದ ತಿರುಳು ಎಂಬ ಬೋಧೆ ಬೈಬಲ್ಲಿನ ಯಾಕೋಬನ ಪತ್ರಿಕೆಯಲ್ಲಿದೆ. ಅಲ್ಲಿ ಹೇಳಿರುವುದು ಹೋಗಿ ಕಾಣುವ ಕೆಲಸವನ್ನೇ. ಇವರು ಮಾಡಿದ್ದೂ ಅದನ್ನೇ.

ಮೊದಲ ಕೆಲಸ ಪಟ್ಟಿ ಮಾಡುವುದು. ತಮ್ಮ ಮನೆಯಿಂದ ನಡೆದು ಹೋಗುವ ದೂರದಲ್ಲಿರುವ ತಬ್ಬಲಿ ಮಕ್ಕಳ ಮನೆಗಳನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡರು. ಮಕ್ಕಳೇ ನಡೆಸುವ ಮನೆ, ತೀರ ಮುದುಕಿಯಾದ ಅಜ್ಜಿಯ ಮನೆ, ತಾಯಿ ಹಾಸಿಗೆ ಹಿಡಿದಿರುವ ಮನೆ ಇವುಗಳಿಗೆ ಮೊದಲ ಗಮನ. ಆಮೇಲೆ ಭೇಟಿ. ತೀರ ಕಷ್ಟದ ಮನೆಗಳಿಗೆ ತಿಂಗಳಿಗೆ ಎರಡು ಸಲವಾದರೂ ಹೋಗಬೇಕು, ಹೋದದ್ದನ್ನು ಬರೆಯಬೇಕು. ತಿಂಗಳಿಗೊಮ್ಮೆ ಎಲ್ಲರೂ ಸೇರಿ ಪುಸ್ತಕ ನೋಡಿ, ಯಾವ ಮನೆಗೆ ಏನು ಬೇಕು ಎಂದು ನಿರ್ಧರಿಸಬೇಕು. ನಮ್ಮ ಸಂಘದ ಆಡಳಿತ ಸಭೆಗೂ ಇದಕ್ಕೂ ಹೆಚ್ಚು ವ್ಯತ್ಯಾಸ ಕಾಣದು.

ಭೇಟಿ ಎಂದರೇನು?

ಹೋಗಿ ಬಂದರೆ ಏನಾಯಿತು ಎಂದು ಕೇಳುವವರುಂಟು. ಅದಕ್ಕೆ ಉತ್ತರ ಮಕ್ಕಳೇ ಕೊಟ್ಟಿದ್ದಾರೆ. ಮನಿಕಾಲ್ಯಾಂಡಿನ ಹಳ್ಳಿಗಳಲ್ಲಿ ಮಕ್ಕಳನ್ನೂ ಸಾಕುವವರನ್ನೂ ಕೂರಿಸಿ ವಿಚಾರಿಸಿದ ಅಧ್ಯಯನವೊಂದು 1997ರಲ್ಲಿ ಪ್ರಕಟವಾಯಿತು. ಮಕ್ಕಳು ಹೇಳಿಕೊಂಡ ಕಷ್ಟಗಳಲ್ಲಿ ಶಾಲೆಯ ಖರ್ಚು, ಅತಿಯಾದ ದುಡಿಮೆ ಇವು ಇದ್ದವು. ಇವುಗಳ ಜೊತೆಗೇ ಇನ್ನೆರಡು: ತಾವು ಬೇರೆ ಮಕ್ಕಳಂತೆ ಅಲ್ಲ ಎಂಬ ಭಾವನೆ, ಮತ್ತು ನೆಂಟರು ಯಾರೂ ಬಂದು ನೋಡುವುದಿಲ್ಲ ಎಂಬ ಕೊರಗು. ಹೊಟ್ಟೆಗಿಲ್ಲದ ಮಗು ತನ್ನ ಕಷ್ಟದ ಪಟ್ಟಿಯಲ್ಲಿ 'ಯಾರೂ ಬರುವುದಿಲ್ಲ' ಎಂದು ಸೇರಿಸುತ್ತದೆಂದರೆ ಅದನ್ನು ಹಗುರವಾಗಿ ಕಾಣಲಾಗದು.

ಭೇಟಿಗೆ ಹೋದವಳು ಕೈಕಟ್ಟಿ ಕೂರುತ್ತಿರಲಿಲ್ಲ. ಅಂಗಳ ಗುಡಿಸುವುದು, ಕಟ್ಟಿಗೆ ನೀರು ತರಲು ಕೈಜೋಡಿಸುವುದು, ಮಗುವಿನ ಮೈ ಮುಟ್ಟಿ ಜ್ವರವಿದೆಯೇ ನೋಡುವುದು, ಶಾಲೆಗೆ ಹೋದನೇ ಇಲ್ಲವೇ ಎಂದು ಕೇಳುವುದು, ಸೋತ ಅಜ್ಜಿಯ ಮಾತನ್ನು ಕೇಳುವುದು. ಹೆಣ್ಣುಮಗುವಿನ ಮುಖ ಸಪ್ಪೆಯಾಗಿದ್ದರೆ ಹೊರಗೆ ಕರೆದು ವಿಚಾರಿಸುವುದು, ಏಕೆಂದರೆ ದೊಡ್ಡವರ ಕಾವಲಿಲ್ಲದ ಮನೆಯ ಹುಡುಗಿಗೆ ಅಪಾಯ ಹೆಚ್ಚು. ಬೇರೆಯವರ ಕಣ್ಣು ಈ ಮನೆಯ ಮೇಲಿದೆ ಎಂಬುದು ಊರಿಗೆ ಗೊತ್ತಾದರೆ ಸಾಕು, ಅರ್ಧ ಕೇಡು ಅಲ್ಲೇ ನಿಲ್ಲುತ್ತದೆ.

ವಸ್ತುವಿನ ನೆರವೂ ಇತ್ತು, ಆದರೆ ಹಿಡಿತದಲ್ಲಿ. ಮಳೆ ಬೀಳುವ ಮುನ್ನ ಜೋಳದ ಬೀಜ, ಚಳಿಗೆ ಕಂಬಳಿ, ತೀರ ಇಲ್ಲದವರಿಗೆ ದವಸ, ಕೆಲವರಿಗೆ ಪ್ರಾಥಮಿಕ ಶಾಲೆಯ ಶುಲ್ಕ. ಯಾರಿಗೆ ಕೊಡಬೇಕೆಂದು ತೀರ್ಮಾನಿಸುತ್ತಿದ್ದವರು ಪಟ್ಟಣದ ಕಚೇರಿಯವರಲ್ಲ, ಆ ಮನೆಯ ಒಲೆ ಉರಿಯುತ್ತದೆಯೋ ಇಲ್ಲವೋ ಬಲ್ಲ ಅದೇ ಊರಿನ ಹೆಂಗಸರು. 1990ರ ದಶಕ ಮುಗಿಯುವ ಹೊತ್ತಿಗೆ ಕಾರ್ಯಕ್ರಮ ಹಲವು ಕಡೆಗೆ ಹಬ್ಬಿತ್ತು. ಸ್ವಯಂಸೇವಕರು ನೂರನ್ನು ಮೀರಿದ್ದರು, ಅವರ ಪುಸ್ತಕಗಳಲ್ಲಿ ಸಾವಿರಾರು ಮಕ್ಕಳ ಹೆಸರಿತ್ತು.

ನೇಗಿಲು, ಎತ್ತು ಮತ್ತು ಒಂದು ಕಾಗದ

ತಂದೆ ಸತ್ತ ಮನೆಗೆ ನೆಂಟರು ಬಂದು ನೇಗಿಲು, ಎತ್ತು, ಪಾತ್ರೆ ಪಡಗ ಹೊತ್ತುಕೊಂಡು ಹೋಗುವುದು ಆ ನಾಡಿನಲ್ಲಿ ದೊಡ್ಡ ಪಿಡುಗಾಗಿತ್ತು. 1997ರಲ್ಲಿ ಸರ್ಕಾರ ಉತ್ತರಾಧಿಕಾರದ ಕಾನೂನನ್ನು ತಿದ್ದಿ ಹೆಂಡತಿ ಮಕ್ಕಳ ಹಕ್ಕಿಗೆ ಬಲ ಕೊಟ್ಟಿತು. ಆದರೆ ಕಾನೂನು ರಾಜಧಾನಿಯಲ್ಲಿ, ಎತ್ತು ಹಳ್ಳಿಯಲ್ಲಿ. ಎತ್ತು ಹಗ್ಗ ಬಿಚ್ಚುವ ಹೊತ್ತಿಗೆ ಊರಿನ ನಾಲ್ಕು ಜನ ಎದುರು ನಿಂತರೆ ಮಾತ್ರ ಕಾನೂನಿಗೆ ಬೆಲೆ. ಮುಖಂಡರನ್ನೂ ಪಾದ್ರಿಯನ್ನೂ ಮೊದಲೇ ಒಳಗೊಳಿಸಿದ್ದರ ಬೆಲೆ ಇಲ್ಲಿ ತಿಳಿಯುತ್ತದೆ.

ಇನ್ನೊಂದು ಜನನ ಪ್ರಮಾಣಪತ್ರ. ಏಳನೆಯ ತರಗತಿಯ ಸರ್ಕಾರಿ ಪರೀಕ್ಷೆಗೆ ಅದನ್ನು ಕೇಳುತ್ತಾರೆ. ತಂದೆಯ ಮರಣಪತ್ರವಿಲ್ಲದೆ, ತಂದೆಯ ಕಡೆಯ ನೆಂಟರು ಬಂದು ಹೇಳಿಕೆ ಕೊಡದೆ ಆ ಕಾಗದ ಸಿಗುವುದು ಕಷ್ಟ. ಓದುವ ಹುಡುಗಿ ಏಳನೆಯ ತರಗತಿಯ ಹೊಸ್ತಿಲಲ್ಲಿ ನಿಂತುಬಿಡುತ್ತಾಳೆ, ದಡ್ಡಿಯಾದ್ದರಿಂದಲ್ಲ, ಕಾಗದವಿಲ್ಲದ್ದರಿಂದ. ಇಂಥ ಮಗುವಿನ ಅಲೆದಾಟಕ್ಕೆ ಜೊತೆಗೊಬ್ಬರು ದೊಡ್ಡವರು ಬೇಕು. ಅರ್ಜಿ ಬರೆಯುವವರಿಗಿಂತ ಬಸ್ಸು ಹತ್ತಿ ಜೊತೆಗೆ ಬರುವವರೇ ಇಲ್ಲಿ ಮುಖ್ಯ.

ಮುಯ್ಯಾಳು ಮತ್ತು ದೊರೆಯ ಕಣಜ

ನಮ್ಮಲ್ಲಿ ಮುಯ್ಯಾಳು ಎಂಬ ಪದ್ಧತಿ ಇರುವಂತೆ ಅವರಲ್ಲಿ 'ನ್ಹಿಂಬೆ' ಎಂಬುದಿದೆ. ಒಬ್ಬನ ಹೊಲಕ್ಕೆ ಊರವರೆಲ್ಲ ಸೇರಿ ಒಂದು ದಿನ ದುಡಿಯುವುದು, ಆ ಮನೆಯವರು ಊಟ ಪಾನಕ್ಕೆ ಏರ್ಪಾಡು ಮಾಡುವುದು. ತಬ್ಬಲಿ ಮಕ್ಕಳ ಹೊಲವನ್ನು ಹದ ತಪ್ಪದೆ ಉತ್ತು ಬಿತ್ತಿಕೊಡಲು ಇಂಥ ಕೂಡು ದುಡಿಮೆ ಬೇಕಾಯಿತು. ನವೆಂಬರಿನ ಮೊದಲ ಮಳೆಗೆ ಬಿತ್ತದಿದ್ದರೆ ಆ ವರ್ಷ ಉಪವಾಸ. ಹನ್ನೆರಡು ವರ್ಷದ ಹುಡುಗ ನೇಗಿಲು ಹಿಡಿಯಲಾರ.

'ಜುಂದೆ ರಾಮಾಂಬೊ' ಎಂಬುದು ಇನ್ನೂ ಹಳೆಯದು. ಮಾಂಬೊ ಎಂದರೆ ದೊರೆ, ಊರಿನ ಒಡೆಯ. ಅವನ ಹೆಸರಿನ ಒಂದು ಹೊಲದಲ್ಲಿ ಎಲ್ಲರೂ ಸರದಿಯಂತೆ ದುಡಿದು, ಬಂದ ದವಸವನ್ನು ಕಣಜದಲ್ಲಿಟ್ಟು, ಬರ ಬಂದಾಗ, ಗತಿಯಿಲ್ಲದವರು ಬಂದಾಗ ಅಳೆದು ಕೊಡುವುದು. ಬ್ರಿಟಿಷರ ಆಳಿಕೆಯಲ್ಲಿ ಸೊರಗಿದ್ದ ಈ ಪದ್ಧತಿಯನ್ನು 1990ರ ದಶಕದಲ್ಲಿ ಆ ನಾಡಿನ ಊರ ಒಡೆಯರು ಸರ್ಕಾರದ ಬೆಂಬಲದಿಂದ ಮತ್ತೆ ಎತ್ತಿ ನಿಲ್ಲಿಸಿದರು. ಚರ್ಚಿನ ಹೆಂಗಸರ ಭೇಟಿ ಮತ್ತು ಊರೊಡೆಯನ ಕಣಜ ಬೇರೆ ಬೇರೆ ನಂಬಿಕೆಯ ಬೇರಿನಿಂದ ಬಂದವು. ಮಗುವಿನ ತಟ್ಟೆಯಲ್ಲಿ ಅವೆರಡೂ ಒಂದೇ.

ಎಸ್ಟೇಟಿನ ಲೈನುಗಳಲ್ಲಿ

ಹಳ್ಳಿಯಲ್ಲಿ ಅಜ್ಜಿಯಾದರೂ ಇದ್ದಾಳೆ. ತೋಟದ ಲೈನಿನಲ್ಲಿ? ಜಿಂಬಾಬ್ವೆಯ ದೊಡ್ಡ ಎಸ್ಟೇಟುಗಳ ಆಳುಗಳಲ್ಲಿ ಅನೇಕರು ಮಲಾವಿ, ಮೊಜಾಂಬಿಕ್ ಕಡೆಯಿಂದ ತಲೆಮಾರಿನ ಹಿಂದೆ ಬಂದವರು. ಅವರಿಗೆ ಅಲ್ಲಿ ಹೊಲವಿಲ್ಲ, ನೆಂಟರಿಲ್ಲ. ಮನೆ ಕೂಡ ಕೆಲಸ ಇರುವ ತನಕ ಮಾತ್ರ. ತಂದೆತಾಯಿ ತೀರಿಹೋದರೆ ಮಕ್ಕಳಿಗೆ ಹೋಗಲು ಊರೇ ಇಲ್ಲ. ಇದಕ್ಕಾಗಿ 1990ರ ದಶಕದ ನಡುವಿನಲ್ಲಿ 'ಫಾರ್ಮ್ ಆರ್ಫನ್ ಸಪೋರ್ಟ್ ಟ್ರಸ್ಟ್' ಎಂಬ ಸಂಸ್ಥೆ ಹುಟ್ಟಿತು. ನೆಂಟರು ಸಿಕ್ಕರೆ ಅವರ ಬಳಿಗೆ ಸೇರಿಸುವುದು, ಸಿಗದಿದ್ದರೆ ಅದೇ ತೋಟದ ಲೈನಿನ ಮತ್ತೊಂದು ಕುಟುಂಬದಲ್ಲಿ, ಅಣ್ಣತಂಗಿಯರನ್ನು ಅಗಲಿಸದೆ, ಸಾಕುಮಕ್ಕಳಾಗಿ ಇರಿಸುವುದು ಅದರ ಕ್ರಮ. 2000ದ ನಂತರದ ಭೂ ಹಂಚಿಕೆಯ ಗಲಭೆಯಲ್ಲಿ ಎಸ್ಟೇಟುಗಳು ಕೈ ಬದಲಾದಾಗ ಈ ಆಳುಗಳಲ್ಲಿ ಬಹಳ ಮಂದಿ ಚದರಿಹೋದರು. 1980ರ ದಶಕದ ಕೊನೆಗೆ ವರ್ಷಕ್ಕೆ ಹದಿನೈದು ಸಾವಿರ ಟನ್ನಿನ ಹತ್ತಿರ ಇದ್ದ ಆ ದೇಶದ ಕಾಫಿ ಇಳುವರಿ ಮುಂದೆ ಕೆಲವು ನೂರು ಟನ್ನಿಗೆ ಇಳಿಯಿತು. ಬೆಲೆ ಇಳಿದಾಗ, ತೋಟ ಬಿದ್ದಾಗ ಮೊದಲು ನೆಲಕ್ಕೆ ಬೀಳುವುದು ಲೈನಿನ ಮಕ್ಕಳು.

ಮಕ್ಕಳೇ ಯಜಮಾನರಾದ ಮನೆಗಳು

ದೊಡ್ಡವರೇ ಇಲ್ಲದ, ಹದಿಹರೆಯದ ಅಕ್ಕನೋ ಅಣ್ಣನೋ ನಡೆಸುವ ಮನೆಗಳು ಆ ಸೀಮೆಯಲ್ಲಿ 1990ರ ಸುಮಾರಿಗೆ ಕಾಣತೊಡಗಿದವು. ಇಂಥ 43 ಮನೆಗಳನ್ನು ವಿಚಾರಿಸಿ ನೋಡಿದಾಗ, ನೆಂಟರು ಕರೆದುಕೊಳ್ಳಲು ಹಿಂಜರಿದದ್ದೇ ಹೆಚ್ಚಿನ ಕಡೆ ಕಾರಣವಾಗಿತ್ತು. ಆದರೆ ಕೆಲವು ಕಡೆ ಕರೆದರೂ ಮಕ್ಕಳೇ ಹೋಗಲಿಲ್ಲ. ಎಲ್ಲರೂ ಒಟ್ಟಿಗಿರಬೇಕು ಎಂಬ ಆಸೆಯನ್ನು ಮುರಿಯಲು ಅವರಿಗೆ ಮನಸ್ಸು ಬರಲಿಲ್ಲ. ಇಂಥ ಬಹುಪಾಲು ಮನೆಗಳಿಗೆ ನೆಂಟರು ಆಗಾಗ ಬಂದು ಹೋಗುತ್ತಿದ್ದರು. ಆದ್ದರಿಂದ ಮಕ್ಕಳು ಒಂಟಿಯಾಗಿರುವ ಮನೆ ಕಂಡೊಡನೆ ಅವರನ್ನು ಎಳೆದು ಎಲ್ಲಿಗೋ ಸೇರಿಸುವುದಲ್ಲ, ಆ ಮನೆಗೆ ದೊಡ್ಡವರ ಹೆಜ್ಜೆ ತಪ್ಪದೆ ಬೀಳುವಂತೆ ಮಾಡುವುದು ಸರಿಯಾದ ದಾರಿ ಎಂದು ಅಲ್ಲಿಯವರು ಕಂಡುಕೊಂಡರು.

ಕೊರತೆಗಳ ಮಾತು

ಇಷ್ಟೆಲ್ಲ ಹೇಳಿ, ಇದರ ಕೊರತೆಗಳನ್ನು ಮರೆಮಾಚುವುದು ಸರಿಯಲ್ಲ. ಈ ಕೆಲಸದ ಖರ್ಚು ಕಡಿಮೆಯಾದದ್ದು ಏಕೆ? ಬಡ ಹೆಂಗಸರು ಸಂಬಳವಿಲ್ಲದೆ ದುಡಿದದ್ದರಿಂದ. ತನ್ನ ಹೊಲದ ಕಳೆ ಬಿಟ್ಟು ಇನ್ನೊಬ್ಬರ ಮನೆಗೆ ಹೋಗುವವಳ ದಿನಕ್ಕೂ ಬೆಲೆಯಿದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ 'ಅಗ್ಗದ ಯೋಜನೆ' ಎಂದು ಹೊಗಳುವುದು ನ್ಯಾಯವಲ್ಲ. ಅದೇ ಹೊತ್ತಿಗೆ ಹೊರಗಿನಿಂದ ಹಣ ಒಮ್ಮೆಲೇ ಸುರಿದರೂ ಕೆಲಸ ಕೆಡುತ್ತದೆ. ಸೇವೆಗೆ ಬಂದವರು ಭತ್ಯೆಗೆ ಕಾಯುವಂತಾಗುತ್ತದೆ, ಪಟ್ಟಿಯಲ್ಲಿ ಇಲ್ಲದ ಮಕ್ಕಳು ಹುಟ್ಟಿಕೊಳ್ಳುತ್ತಾರೆ. ಎರಡರ ನಡುವಿನ ಹದ ಹಿಡಿಯುವುದು ಕಷ್ಟ.

ಮತ್ತೊಂದು ಕೊರತೆ, ಮಮತೆಯಿಂದ ಶಾಲೆಯ ಶುಲ್ಕ ಕಟ್ಟಲಾಗದು. 1991ರ ಆರ್ಥಿಕ ನೀತಿಯ ಬದಲಾವಣೆ, ಅದರ ಬೆನ್ನಿಗೇ 1992ರ ಭೀಕರ ಬರ, ಕೊನೆಗೆ 2008ರಲ್ಲಿ ಹಣವೇ ಕಾಗದವಾಗಿಹೋದ ಹಣದುಬ್ಬರ. ಇಂಥ ಪೆಟ್ಟುಗಳಿಗೆ ಊರವರ ಕೈ ಸಾಲದು. ಸರ್ಕಾರ 2001ರಲ್ಲಿ ಬಡ ಮಕ್ಕಳ ಶಾಲಾ ಶುಲ್ಕ ಭರಿಸುವ ಯೋಜನೆ ತಂದಿತು. 2010ರಿಂದ 2011ರವರೆಗೆ ಮನಿಕಾಲ್ಯಾಂಡಿನಲ್ಲೇ ಬಡ ಕುಟುಂಬಗಳಿಗೆ ಎರಡು ತಿಂಗಳಿಗೊಮ್ಮೆ ಸ್ವಲ್ಪ ಹಣ ಕೊಟ್ಟು ನೋಡುವ ಪ್ರಯೋಗ ನಡೆಯಿತು. ಮನೆಗೆ 18 ಡಾಲರ್, ಮೇಲೆ ಮಗುವೊಂದಕ್ಕೆ 4 ಡಾಲರ್. ಹಣ ಬಂದ ಮನೆಗಳಲ್ಲಿ, ಬಾರದ ಮನೆಗಳಿಗಿಂತ, 6ರಿಂದ 12 ವರ್ಷದ ಮಕ್ಕಳು ತಪ್ಪದೆ ಶಾಲೆಗೆ ಹೋಗುವ ಪ್ರಮಾಣ ಶೇಕಡ 7ರಷ್ಟು ಹೆಚ್ಚಿತು. ಭೇಟಿಯೂ ಬೇಕು, ಹಣವೂ ಬೇಕು. ಒಂದರ ಬದಲಿಗೆ ಇನ್ನೊಂದಲ್ಲ.

ಮೂರನೆಯದು ಔಷಧ. 2004ರಿಂದ ಆ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಎಚ್.ಐ.ವಿ. ಮದ್ದು ಕೊಡತೊಡಗಿದರು. ತಾಯಿ ಬದುಕಿ ಉಳಿದರೆ ಮಗು ತಬ್ಬಲಿಯಾಗುವುದೇ ಇಲ್ಲ. ಇದಕ್ಕಿಂತ ದೊಡ್ಡ ಅನಾಥ ರಕ್ಷಣೆ ಬೇರೊಂದಿಲ್ಲ. ಆದರೂ ಮದ್ದು ಬರುವ ತನಕದ ಆ ಹದಿನೈದು ಇಪ್ಪತ್ತು ವರ್ಷ ಮಕ್ಕಳನ್ನು ಜೀವಂತವಾಗಿ, ಊರಿನಲ್ಲೇ, ಅಣ್ಣತಂಗಿಯರ ಜೊತೆಯಲ್ಲೇ ಉಳಿಸಿಕೊಂಡವರು ಅಜ್ಜಿಯಂದಿರು ಮತ್ತು ಅವರ ಬಾಗಿಲಿಗೆ ಹೋಗುತ್ತಿದ್ದ ನೆರೆಯವರು.

ನಮ್ಮ ಊರುಗಳಿಗೆ

ಇಲ್ಲಿ ಅಷ್ಟು ದೊಡ್ಡ ಸಾವಿನ ಅಲೆ ಬಂದಿಲ್ಲ. ಆದರೆ ತಬ್ಬಲಿ ಮಕ್ಕಳಿಲ್ಲದ ಊರಿಲ್ಲ. 2020 ಮತ್ತು 2021ರ ಕೋವಿಡ್ ಕಾಲದಲ್ಲಿ ತಂದೆತಾಯಿಯರನ್ನು ಕಳೆದುಕೊಂಡ ಮಕ್ಕಳಿದ್ದಾರೆ. ಕುಡಿತದಿಂದ, ಮರದಿಂದ ಬಿದ್ದು, ಕಾಡಾನೆಯ ತುಳಿತಕ್ಕೆ ಸಿಕ್ಕಿ ತಂದೆಯನ್ನು ಕಳೆದುಕೊಂಡ ಮಕ್ಕಳಿದ್ದಾರೆ. ಈಗ ನಮ್ಮ ತೋಟಗಳ ಲೈನುಗಳಲ್ಲಿ ಅಸ್ಸಾಮು ಮುಂತಾದ ದೂರದ ಕಡೆಯಿಂದ ಬಂದ ಕುಟುಂಬಗಳಿವೆ. ಅವರಿಗೂ ಮಲಾವಿಯ ಆಳುಗಳಂತೆ ಇಲ್ಲಿ ಅಜ್ಜಿಯ ಮನೆಯಿಲ್ಲ. ಸರ್ಕಾರದ ಮಿಷನ್ ವಾತ್ಸಲ್ಯದಲ್ಲಿ ಅರ್ಹ ಮಗುವಿಗೆ ಮನೆಯಲ್ಲೇ ಇದ್ದು ಬೆಳೆಯಲು ತಿಂಗಳಿಗೆ 4000 ರೂಪಾಯಿ ನೆರವಿನ ಅವಕಾಶವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಬೇಕು. ಮಗುವಿಗೆ ಅಪಾಯವಾದರೆ 1098ಕ್ಕೆ ಫೋನ್ ಮಾಡಬಹುದು. ಆದರೆ ಅರ್ಜಿ ತುಂಬುವವರು ಯಾರು, ಆ ಅಜ್ಜಿಯನ್ನು ಕಚೇರಿಗೆ ಕರೆದೊಯ್ಯುವವರು ಯಾರು?

ಪ್ರತಿ ಸಂಘದ ವ್ಯಾಪ್ತಿಯಲ್ಲೂ ಇಂಥ ಮಕ್ಕಳ ಒಂದು ಪಟ್ಟಿ ಇರಲಿ ಎಂಬುದು ನಮ್ಮ ಸಲಹೆ. ಬೇಕಾದದ್ದು ಒಂದು ನೋಟ್ ಪುಸ್ತಕ, ಮನೆಯವರು ನಂಬುವ ಇಬ್ಬರು ಮೂವರು ಹೆಣ್ಣುಮಕ್ಕಳು, ತಿಂಗಳಿಗೆ ಎರಡು ಭೇಟಿ. ಭೇಟಿಗೆ ಹೋಗುವವರ ಬಸ್ ಖರ್ಚನ್ನೂ ಕಳೆದುಹೋದ ದಿನಗೂಲಿಯನ್ನೂ ಸಂಘ ಭರಿಸಲಿ. ಅವರ ದುಡಿಮೆಯನ್ನು ಪುಕ್ಕಟೆ ಎಂದು ತಿಳಿಯುವುದು ಬೇಡ. ಮಂದಿರ, ಮಸೀದಿ, ಚರ್ಚು ಯಾವುದರ ಮೂಲಕ ಬಂದರೂ ಸರಿ, ಮಗುವಿನ ಜಾತಿ ಮತ ಕೇಳದೆ, ತಂದೆ ಹೇಗೆ ಸತ್ತ ಎಂದು ಕೇಳದೆ ಹೋಗುವವರಾಗಿರಲಿ. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೂ ಒಂದು ಸಾಲು ಇರಲೆಂದು ನಿರ್ದೇಶಕರಲ್ಲಿ ನಮ್ಮ ವಿನಂತಿ.